ಮೂರು ಮುಷ್ಟಿ ಎತ್ತರದ ಬೆಳಕು

“ಕೈ ನೇರಕ್ಕೆ ಚಾಚಿ. ಮೊಣಕೈ ಬಗ್ಗಬಾರದು. ಈಗ ಮುಷ್ಟಿ ಕಟ್ಟಿ,” ಎಂದ ಸಾರ್ಜೆಂಟ್.

ಬಸ್ ಡ್ರೈವರ್ ಕೈ ಚಾಚಿ ಮುಷ್ಟಿ ಕಟ್ಟಿದ. ಬೆಳಗ್ಗೆ ಹನ್ನೊಂದು ಗಂಟೆ. ಸೇತುವೆಯ ಮೇಲೆ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಭಾರದ ಲಾರಿ ಹೋದಾಗಲೆಲ್ಲ ಕಾಲಡಿಯ ಸಿಮೆಂಟು ಸಣ್ಣಗೆ ನಡುಗುತ್ತಿತ್ತು.

“ಆ ಮರಗಳ ತುದಿ ಕಾಣ್ತಿದೆಯಲ್ಲ, ಮುಷ್ಟಿಯ ತಳ ಅಲ್ಲಿಗಿಡಿ. ಅದರ ಮೇಲೆ ಇನ್ನೊಂದು ಕೈ. ಹಾಗೇ ಒಂದರ ಮೇಲೊಂದು ಏರಿಸ್ತಾ ಹೋಗಿ. ಬೆಳಕಿದ್ದ ಜಾಗ ಬಂದಾಗ ನಿಲ್ಸಿ.”

ಡ್ರೈವರ್ ನಾಲಿಗೆ ಕಚ್ಚಿಕೊಂಡು ಬಲಗೈ ಮೇಲೆ ಎಡಗೈ, ಎಡಗೈ ಮೇಲೆ ಬಲಗೈ ಇಟ್ಟ. “ಮೂರು. ನಾಲ್ಕಕ್ಕೆ ಹೋಗಲ್ಲ ಸಾರ್.”

ಎರಡು ಮಾರು ಹಿಂದೆ ಕೊಡೆ ಹಿಡಿದು ನಿಂತಿದ್ದ ಅವನ ಹೆಂಡತಿ ಬಾಯಿ ಬಿಟ್ಟಳು. “ಲಾರಿಯವರೆಲ್ಲ ನೋಡ್ಕೊಂಡು ಹೋಗ್ತಿದಾರೆ. ಮೊದಲೇ ತಲೆ ಕೆಟ್ಟಿದೆ ಅಂತಿದ್ರು, ಈಗ ಆಕಾಶಕ್ಕೆ ಗುದ್ದೋದನ್ನೂ ಕಂಡ ಹಾಗಾಯ್ತು.”

“ನೀನು ಸುಮ್ನಿರೆ.”

“ನಾನು ಸುಮ್ನೇ ಇದ್ದೆ. ಬಸ್ಸು ನಿಲ್ಸಿ ಅಂದವಳೂ ನಾನಲ್ಲ, ಮಿಲಿಟರಿಗೆ ಕಾಗದ ಬರೀರಿ ಅಂದವಳೂ ನಾನಲ್ಲ.”

ಸಾರ್ಜೆಂಟ್ ಇದನ್ನು ಬರೆದುಕೊಳ್ಳಲಿಲ್ಲ. ‘ಮೂರು ಮುಷ್ಟಿ’ ಎಂದಷ್ಟೇ ಬರೆದ. ಚಾಚಿದ ಕೈಯ ಒಂದು ಮುಷ್ಟಿ ಎಂದರೆ ಹೆಚ್ಚುಕಡಿಮೆ ಹತ್ತು ಡಿಗ್ರಿ. ಕುಳ್ಳನ ಮುಷ್ಟಿ ಚಿಕ್ಕದು, ಕೈಯೂ ಗಿಡ್ಡ. ಎತ್ತರದವನದು ಎರಡೂ ದೊಡ್ಡವು. ಹಾಗಾಗಿ ಲೆಕ್ಕ ಎಲ್ಲರಿಗೂ ಒಂದೇ ಬರುತ್ತದೆ. ಜನ ಕಣ್ಣಂದಾಜಿನಲ್ಲಿ ಹೇಳುವ ಮೈಲಿ, ಅಡಿ, ಗಾತ್ರ ಯಾವುದನ್ನೂ ಅವನು ನಂಬುವುದಿಲ್ಲ. ಮುಷ್ಟಿಯನ್ನು ನಂಬುತ್ತಾನೆ.

ಅವನ ಕೆಲಸ ಇದೇ. ಊರವರು ಆಕಾಶದಲ್ಲಿ ಕಂಡ, ಏನೆಂದು ತಿಳಿಯದ ವಸ್ತುಗಳ ಬಗ್ಗೆ ವಾಯುಸೇನೆಗೆ ಬರೆಯುವ ಕಾಗದಗಳನ್ನು ವಿಚಾರಿಸುವುದು. ಹನ್ನೊಂದು ವರ್ಷವಾಯಿತು. ಅದಕ್ಕೂ ಮೊದಲು ರೇಡಾರ್ ಪರದೆ ನೋಡುತ್ತಿದ್ದ. ಕಣ್ಣಿಗೆ ದಪ್ಪ ಕನ್ನಡಕ ಬಂದ ಮೇಲೆ ಇಲ್ಲಿಗೆ ಹಾಕಿದರು. ಕಾರಿಡಾರಿನ ಕೊನೆಯಲ್ಲಿ ಒಂದು ಕೋಣೆ, ಎರಡು ಮೇಜು, ಬಾಗಿಲು ಸರಿಯಾಗಿ ಮುಚ್ಚದ ಒಂದು ಕಬ್ಬಿಣದ ಬೀರು. ಎರಡನೆಯ ಮೇಜಿನವನಿಗೆ ವರ್ಗವಾಗಿ ಮೂರು ವರ್ಷವಾದರೂ ಬದಲಿ ಬಂದಿಲ್ಲ. ವಾಯುನೆಲೆಯಲ್ಲಿ ಎಲ್ಲರೂ ಅವನನ್ನು, ಹಾರುವ ತಟ್ಟೆ ಹುಡುಕುವವನೆಂದು, ‘ತಟ್ಟೆ ಸಾರ್ಜೆಂಟ್’ ಅನ್ನುತ್ತಾರೆ. ಮನೆಯಲ್ಲಿ ಹೆಂಡತಿ ದಿನಾ ಸಂಜೆ ಕೇಳುತ್ತಾಳೆ: “ಇವತ್ತು ಯಾವ ಲೋಕದವರು ಬಂದಿದ್ರು?” ಅವನ ಉತ್ತರವೂ ದಿನಾ ಒಂದೇ: “ಯಾರೂ ಬರ್ಲಿಲ್ಲ. ವಿಳಾಸ ತಪ್ಪಿರಬೇಕು.”

ಇದುವರೆಗೆ ನಾನೂರ ಹನ್ನೆರಡು ಫೈಲು ಮುಚ್ಚಿದ್ದಾನೆ. ಪ್ರತಿ ಫೈಲಿನ ಕೊನೆಯ ಪುಟದಲ್ಲಿ ಮೂರು ಚೌಕಗಳಿರುತ್ತವೆ: ಗುರುತಾಯಿತು, ಗುರುತಾಗಲಿಲ್ಲ, ಮಾಹಿತಿ ಸಾಲದು. ಮೂರರಲ್ಲಿ ಒಂದಕ್ಕೆ ಗುರುತು ಹಾಕದೆ ಫೈಲು ಬೀರು ಸೇರುವಂತಿಲ್ಲ. ಕಾಗದ ಬರೆದವರಿಗೆ ಯಾವ ಚೌಕ ಬಿದ್ದರೂ ಅಂಥ ನಷ್ಟವೇನಿಲ್ಲ. ನಾಲ್ಕು ದಿನ ಮಾತಾಡಿಕೊಂಡು ಮರೆಯುತ್ತಾರೆ.

ಈ ಡ್ರೈವರನ ವಿಷಯ ಹಾಗಿರಲಿಲ್ಲ. ಐದೂ ಐವತ್ತಕ್ಕೆ ಡಿಪೊ ಬಿಡುವ ಬಸ್ಸನ್ನು ಅವನು ಆರೂ ಮೂವತ್ತೊಂದಕ್ಕೆ ಸೇತುವೆಯ ಮೇಲೆ ಗಕ್ಕನೆ ನಿಲ್ಲಿಸಿದ್ದ. ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಕಂಡಕ್ಟರ್ ಮುಂದಿನ ಸೀಟಿನ ಕಂಬಿಗೆ ಹಣೆ ಹೊಡೆದುಕೊಂಡ. ಪ್ರಯಾಣಿಕರು ಕಣ್ಣುಜ್ಜಿಕೊಂಡು ಹೊರಗೆ ನೋಡುವ ಹೊತ್ತಿಗೆ ಆಕಾಶದಲ್ಲಿ ಏನೂ ಇರಲಿಲ್ಲ. ಕಂಡಕ್ಟರ್ ದೂರು ಕೊಟ್ಟ. ಡಿಪೊದವರು ಡ್ರೈವರನನ್ನು ಸ್ಟೀರಿಂಗಿನಿಂದ ಎಬ್ಬಿಸಿ ಟಯರು ಕೊಡುವ ಸ್ಟೋರಿಗೆ ಕೂರಿಸಿದರು. ಅಲ್ಲಿ ಅವನ ಹೊಸ ಹೆಸರು ‘ಆಕಾಶರಾಯ’. ಟಯರು ಒಯ್ಯಲು ಬಂದವರೆಲ್ಲ, “ಏನ್ ಆಕಾಶರಾಯರೇ, ಮೇಲಿನವರು ಕ್ಷೇಮವಾ?” ಎಂದು ಕೇಳಿಯೇ ಹೋಗುತ್ತಿದ್ದರು.

ಡಿಪೊದ ಡಾಕ್ಟರು ಮಾತ್ರ ನ್ಯಾಯವಾಗಿ ನಡೆದುಕೊಂಡಿದ್ದರು. “ವಾಯುಸೇನೆಯವರು ನೋಡ್ತಿದಾರಂತಲ್ಲ, ಅವರ ಕಾಗದ ಬರಲಿ. ಅಲ್ಲಿ ಏನಾದ್ರೂ ಇತ್ತು ಅಂದ್ರೆ ನಿಮ್ಮ ಕಣ್ಣು, ತಲೆ ಎರಡೂ ಸರಿ ಇವೆ ಅಂತ ಬರೀತೀನಿ. ಇರಲಿಲ್ಲ ಅಂದ್ರೆ ನನ್ನ ಕೈಯಲ್ಲಿ ಏನೂ ಇಲ್ಲ.” ಇಪ್ಪತ್ತೆಂಟಕ್ಕೆ ವೈದ್ಯರ ಮಂಡಳಿ ಸೇರುವುದಿತ್ತು. ಮಂಡಳಿ ಬೇಡವೆಂದರೆ, ಹತ್ತೊಂಬತ್ತು ವರ್ಷ ಬಸ್ಸು ಓಡಿಸಿದವನು ಇನ್ನುಮೇಲೆ ದೊಡ್ಡ ಗಾಡಿ ಮುಟ್ಟುವಂತಿಲ್ಲ.

ಸೇತುವೆಯಿಂದ ಮೂವರೂ ಡ್ರೈವರನ ಮನೆಗೆ ಬಂದರು. ಮುಂದಿನ ಕೋಣೆಯ ಮೇಜಿನ ಮೇಲೆ ಸಾರ್ಜೆಂಟ್ ಹನ್ನೆರಡು ಪುಟದ ಫಾರಂ ಹರಡಿದ.

“ವಸ್ತು ಸದ್ದು ಮಾಡ್ತಾ?”

“ನನ್ನ ಬಸ್ಸೇ ಅಷ್ಟು ಸದ್ದು ಮಾಡುತ್ತೆ ಸಾರ್. ಅದರ ಮಧ್ಯೆ ಬೇರೆಯವರದು ಎಲ್ಲಿ ಕೇಳಬೇಕು?”

“ಗಾತ್ರ?”

“ಗುಂಡುಸೂಜಿ ತಲೆಯಷ್ಟು. ದೊಡ್ಡದಾಗಿತ್ತು ಅಂತ ಹೇಳಿದ್ರೆ ಚೆನ್ನಾಗಿರುತ್ತೆ, ಆದ್ರೆ ಇರಲಿಲ್ಲ.”

ಸಾರ್ಜೆಂಟ್ ತಲೆಯೆತ್ತಿ ನೋಡಿದ. ಇಂಥ ಉತ್ತರ ಅವನಿಗೆ ಅಪರೂಪ.

“ಮೊದಲು ಎಷ್ಟು ಹೊತ್ತಿಗೆ ಕಂಡ್ರಿ?”

“ಪಂಪ್‌ಹೌಸ್ ಸ್ಟಾಪ್ ಬಿಟ್ಟಾಗ. ಆರೂ ಇಪ್ಪತ್ತೆರಡು, ಟೈಮ್ ಕಾರ್ಡಿನಲ್ಲಿದೆ. ಆಗ ಕೆಂಪಗಿತ್ತು. ಬರ್ತಾ ಬರ್ತಾ ಬಿಳಿ ಆಯ್ತು. ಒಂಬತ್ತು ನಿಮಿಷ ನೋಡ್ಕೊಂಡೇ ಓಡಿಸಿದೀನಿ. ಸೇತುವೆ ಮೇಲೆ ಬಂದಾಗ...” ಡ್ರೈವರ್ ಎರಡೂ ಕೈ ಬೆರಳನ್ನು ಒಟ್ಟಿಗೆ ಹಿಡಿದು ಮೆಲ್ಲಗೆ ಬಿಡಿಸಿದ. “ಹೀಗೆ. ಹೂವು ಉದುರಿದ ಹಾಗೆ. ಅಷ್ಟೇ. ಆಗಲೇ ನನ್ನ ಕಾಲು ಬ್ರೇಕಿನ ಮೇಲೆ ಹೋಯ್ತು. ತಪ್ಪೇ, ಒಪ್ಕೋತೀನಿ. ಆದ್ರೆ ಕಂಡಿದ್ದು ಕಂಡಿದ್ದೇ.”

ಪ್ರತಿ ಫೈಲಿಗೂ ಮೂರು ಕಾಗದ ಹೋಗುತ್ತವೆ. ವಿಮಾನ ನಿಲ್ದಾಣದಿಂದ ಬಂದ ಉತ್ತರ: ಆ ಹೊತ್ತಿನಲ್ಲಿ ಆ ದಿಕ್ಕಿಗೆ ವಿಮಾನವಿರಲಿಲ್ಲ. ನಕ್ಷತ್ರ ವೀಕ್ಷಣಾಲಯದಿಂದ: ಶುಕ್ರ ಆ ತಿಂಗಳು ಸಂಜೆ ಕಾಣುತ್ತಿದೆ, ಬೆಳಗ್ಗೆ ಅಲ್ಲ. ಹವಾಮಾನ ಕಚೇರಿಯಿಂದ: ಮೇಲಿನ ಗಾಳಿ ಅಳೆಯುವ ಬಲೂನನ್ನು ಬೆಳಗಿನ ನಾಲ್ಕೂವರೆಗೆ ಬಿಡಲಾಗಿದೆ, ತೊಂಬತ್ತೊಂದು ನಿಮಿಷಕ್ಕೆ ಒಡೆದಿದೆ. ಅಂದರೆ ಆರೂ ಒಂದಕ್ಕೆ. ಡ್ರೈವರ್ ಮೊದಲು ಬೆಳಕು ಕಂಡದ್ದೇ ಅದಾಗಿ ಇಪ್ಪತ್ತೊಂದು ನಿಮಿಷಕ್ಕೆ.

ಸಾರ್ಜೆಂಟಿಗೆ ಇದು ಒಪ್ಪಿಗೆಯಾಗಲಿಲ್ಲ. ಅಂದು ಸೂರ್ಯ ಹುಟ್ಟಿದ್ದು ಆರೂ ನಲವತ್ತೆರಡಕ್ಕೆ. ನೆಲದ ಮೇಲೆ ಮಬ್ಬಿರುವಾಗಲೇ ಬಲೂನಿನ ಎತ್ತರಕ್ಕೆ ಬಿಸಿಲು ಬಿದ್ದಿರುತ್ತದೆ. ಮೊದಲು ಕೆಂಪಗೆ, ಆಮೇಲೆ ಬೆಳ್ಳಗೆ. ಡ್ರೈವರ್ ಹೇಳಿದ್ದೆಲ್ಲ ಬಲೂನಿಗೆ ಹೊಂದುತ್ತಿತ್ತು, ಗಡಿಯಾರವೊಂದನ್ನು ಬಿಟ್ಟು.

ಮೇಲಧಿಕಾರಿ ವಿಂಗ್ ಕಮಾಂಡರ್ ಫೈಲು ತಿರುವಿ ಹಾಕಿದರು. “ಮಾಹಿತಿ ಸಾಲದು ಅಂತ ಹಾಕಿ ಮುಚ್ಚಿಬಿಡಿ. ನಲವತ್ತು ದಿನ ಆಯ್ತು.”

“ಡ್ರೈವರ್ ಕೆಲಸ ಹೋಗುತ್ತೆ ಸರ್.”

“ನಾವು ಆಕಾಶ ನೋಡೋರು. ಬಸ್ಸು ನೋಡೋಕೆ ಬೇರೆಯವರಿದಾರೆ.”

ಮರುದಿನ ಬೆಳಗ್ಗೆ ಸಾರ್ಜೆಂಟ್ ನೆಲೆಯ ಗೇಟಿನಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ನಿಂತ. ಮುಂದೆ ನಾಲ್ಕು ಜನರಿದ್ದರು. ಗೋಡೆಯ ಗಡಿಯಾರದಲ್ಲಿ ಎಂಟೂ ಹದಿನೇಳು.

“ಬೇಗ ಬೇಗ ಬರೀರಿ ಸಾರ್, ಎಂಟು ಗಂಟೆ ಆಗಿಹೋಗುತ್ತೆ,” ಎಂದ ಕಾವಲಿನವನು ನಗದೆ. ಇದು ಅವನ ದಿನನಿತ್ಯದ ಮಾತು.

ಸಾರ್ಜೆಂಟ್ ಎಂದಿನಂತೆ ‘೮-೦೦’ ಎಂದು ಬರೆದ. ಅದರ ಮೇಲೂ ೮-೦೦, ಅದರ ಮೇಲೂ ೮-೦೦, ಪುಟದ ತುದಿಯವರೆಗೂ. ಪೆನ್ನು ಮುಚ್ಚಿದವನು ಪಕ್ಕಕ್ಕೆ ಸರಿಯದೆ ಹಾಗೇ ನಿಂತ. ಹಿಂದಿನವರು, “ಏನ್ರೀ, ತಟ್ಟೆ ಬಂತಾ?” ಎಂದ ಮೇಲೆ ಕೋಣೆಗೆ ಹೋಗಿ ಹವಾಮಾನ ಕಚೇರಿ ಕಳಿಸಿದ್ದ ರಿಜಿಸ್ಟರಿನ ನಕಲು ಹೊರತೆಗೆದ. ತಿಂಗಳಿಗೆ ಮೂವತ್ತು ದಿನ, ದಿನಕ್ಕೆರಡು ಬಲೂನು, ಬೆಳಗ್ಗೆ ಒಂದು, ಸಂಜೆ ಒಂದು. ಅರವತ್ತು ಸಾಲಿನಲ್ಲೂ ೪-೩೦. ಒಂದು ಕಡೆಯೂ ೪-೩೧ ಇಲ್ಲ.

“ಒಂದು ದಿನ ಕೊಡಿ ಸರ್,” ಎಂದು ಮೇಲಧಿಕಾರಿಯನ್ನು ಕೇಳಿದ. “ಜೀಪು ಬೇಡ, ಬಸ್ಸಲ್ಲೇ ಹೋಗಿಬರ್ತೀನಿ.”

“ಜೀಪು ಕೊಡ್ತೀನಿ ಅಂತ ಯಾರು ಹೇಳಿದ್ರು?” ಎಂದರು ಅವರು. ಅದು ಒಪ್ಪಿಗೆಯೇ.

ಹವಾಮಾನ ಕಚೇರಿ ಊರಾಚೆಯ ಬಯಲಿನಲ್ಲಿತ್ತು. ಬಲೂನಿಗೆ ಅನಿಲ ತುಂಬುವ ತಗಡಿನ ಶೆಡ್ಡಿಗೆ ಮನೆಗಿಂತ ಎತ್ತರದ ಬಾಗಿಲು. ಒಳಗೆ ಐವತ್ತು ದಾಟಿದ ಹೆಂಗಸೊಬ್ಬಳು ಹತ್ತಿಯ ಕೈಗವಸು ತೊಟ್ಟು, ಸಂಜೆಯ ಬಲೂನಿನ ಬಾಯಿಯನ್ನು ಕೊಳವೆಗೆ ಕಟ್ಟುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ಬಲೂನು ಬಿಡುತ್ತಿರುವವಳು. ನಿವೃತ್ತಿಗೆ ಇನ್ನು ಏಳು ತಿಂಗಳು.

“ಅಲ್ಲೇ ನಿಂತು ನೋಡಿ. ಬೀಡಿ ಸಿಗರೇಟು ಏನಾದ್ರೂ ಇದ್ರೆ ಗೇಟಿನಲ್ಲಿ ಕೊಟ್ಟು ಬನ್ನಿ, ಇಲ್ಲಾಂದ್ರೆ ಇಬ್ರೂ ಬಲೂನಿಗಿಂತ ಮೊದಲು ಮೇಲೆ ಹೋಗ್ತೀವಿ,” ಎಂದಳು.

ರಬ್ಬರು ಉಬ್ಬುತ್ತಾ ಉಬ್ಬುತ್ತಾ ಆಕೆಯ ತಲೆಗಿಂತ ಮೇಲೆ ಹೋಯಿತು. ಬಾಯಿ ಬಿಗಿದು, ದಾರ ಕಟ್ಟಿ, ದಾರದ ತುದಿಗೆ ಅಳತೆಯ ಪೆಟ್ಟಿಗೆ ಸಿಕ್ಕಿಸಿ, ಆಕೆ ಅದನ್ನು ಹೊರಗೆ ತಂದು ಗಾಳಿ ತುಸು ತಗ್ಗುವವರೆಗೆ ಕಾದಳು. ಆಮೇಲೆ ಕೈ ಬಿಟ್ಟಳು. ಸಾರ್ಜೆಂಟ್ ತನ್ನ ಕೈಗಡಿಯಾರ ನೋಡಿಕೊಂಡ: ನಾಲ್ಕೂ ಮೂವತ್ತೆಂಟು.

ಕಚೇರಿಯೊಳಗೆ ಆಗಲೇ ಕಾಗದದ ಸುರುಳಿ ಓಡುತ್ತಿತ್ತು. ಬಲೂನು ಬಿಟ್ಟ ಕ್ಷಣದಿಂದ ಒಡೆಯುವ ಕ್ಷಣದವರೆಗೆ ಅದು ನಿಮಿಷ ಎಣಿಸುತ್ತದೆ. ಗಡಿಯಾರದ ಹೊತ್ತು ಎಷ್ಟೆಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ಕೈಯಿಂದಲೇ ಬರೆಯಬೇಕು. ಆಕೆ ಕೈಗವಸು ಕಳಚಿ ರಿಜಿಸ್ಟರ್ ತೆರೆದು ದುಂಡನೆಯ ಅಕ್ಷರದಲ್ಲಿ ‘೪-೩೦’ ಎಂದು ಬರೆದಳು.

ಆಕೆ ಪೆನ್ನು ಕೆಳಗಿಟ್ಟ ಮೇಲೆ ಅವನು ಕೈಗಡಿಯಾರವನ್ನು ಆಕೆಯ ಕಡೆ ತಿರುಗಿಸಿದ.

“ಮೇಡಂ, ನನ್ನ ಗಡಿಯಾರದಲ್ಲಿ ನಾಲ್ಕೂ ಮೂವತ್ತೆಂಟಾಗಿತ್ತು.”

“ನಿಮ್ಮ ಗಡಿಯಾರ ಸರಿಯಾಗೇ ಇದೆ.”

“ಮತ್ತೆ ಇದು?”

“ಇದು ಬಿಡಬೇಕಾದ ಹೊತ್ತು. ನನಗೆ ಕೆಲಸ ಕಲಿಸಿದವರು ಹೀಗೇ ಬರೀತಿದ್ರು, ಅವರಿಗೆ ಕಲಿಸಿದವರೂ ಹೀಗೇ. ಐದು ನಿಮಿಷ ಹತ್ತು ನಿಮಿಷಕ್ಕೆ ಗಾಳಿ ಏನೂ ಬದಲಾಗಲ್ಲ ಸಾರ್. ನಾಲ್ಕೂ ಮೂವತ್ತೆಂಟು ಅಂತ ಬರೆದ್ರೆ ಎಂಟು ನಿಮಿಷ ಯಾಕೆ ತಡ ಅಂತ ನಾಲ್ಕು ಪ್ರತಿಯಲ್ಲಿ ವಿವರಣೆ ಕೊಡ್ಬೇಕು.”

ಸಾರ್ಜೆಂಟ್ ಗೇಟಿನ ಹಾಜರಿ ಪುಸ್ತಕವನ್ನು ನೆನೆದುಕೊಂಡು ಉಪದೇಶ ಮಾಡುವ ಗೋಜಿಗೆ ಹೋಗಲಿಲ್ಲ. ಡ್ರೈವರ್ ಬೆಳಕು ಕಂಡ ದಿನದ ತಾರೀಕು ಹೇಳಿದ.

ಆಕೆ ಕುರ್ಚಿಗೆ ಒರಗಿದಳು. ನೆನಪು ಮಾಡಿಕೊಳ್ಳುವ ಅಗತ್ಯವೇನೂ ಬೀಳಲಿಲ್ಲ. “ಅವತ್ತು ಮೊದಲನೇ ಬಲೂನು ತುಂಬುವಾಗಲೇ ಬಾಯಿ ಹತ್ತಿರ ಹರೀತು. ಎರಡನೇದು ತಂದು, ರಬ್ಬರು ಮೆತ್ತಗಾಗ್ಲಿ ಅಂತ ಬಿಸಿನೀರಲ್ಲಿ ಅದ್ದಿ, ಮತ್ತೆ ತುಂಬಿ... ಐದು ಗಂಟೆ ಆಗಿತ್ತು ಬಿಟ್ಟಾಗ. ಯಾಕೆ ಕೇಳ್ತಿದೀರಿ?”

ಐದು ಗಂಟೆಗೆ ತೊಂಬತ್ತೊಂದು ನಿಮಿಷ ಸೇರಿಸಿದರೆ ಆರೂ ಮೂವತ್ತೊಂದು. ಸಾರ್ಜೆಂಟ್ ಸೇತುವೆ, ಬಸ್ಸು, ಟಯರು ಸ್ಟೋರು, ಇಪ್ಪತ್ತೆಂಟನೇ ತಾರೀಕು ಎಲ್ಲವನ್ನೂ ಬಿಡಿಸಿ ಹೇಳಿದ. ಆಕೆ ಬರೆದುಕೊಟ್ಟರೆ ಏನಾಗುತ್ತದೆಂದೂ ಮುಚ್ಚಿಡಲಿಲ್ಲ: ಒಂದು ದಿನದ ಹೊತ್ತು ಸುಳ್ಳೆಂದು ಒಪ್ಪಿಕೊಂಡರೆ ಇಪ್ಪತ್ತೆರಡು ವರ್ಷದ್ದನ್ನೂ ಕೆದಕುತ್ತಾರೆ.

“ಕೆದಕ್ತಾರೆ,” ಎಂದಳು ಆಕೆ. “ಪಿಂಚಣಿ ಕಾಗದ ಹೋಗೋ ಹೊತ್ತಿಗೆ ಸರಿಯಾಗಿ ಕೆದಕ್ತಾರೆ.” ಸ್ವಲ್ಪ ಹೊತ್ತು ಸುರುಳಿಯ ಮೇಲೆ ಏರುತ್ತಿದ್ದ ಗೆರೆಯನ್ನೇ ನೋಡಿದಳು. “ಅವರು ಅದು ಒಡೆದದ್ದನ್ನ ನೋಡಿದ್ರಾ? ನಿಜವಾಗ್ಲೂ?”

“ಹಾಗಂತ ಬರೆಸಿದಾರೆ.”

“ನಾನು ಏನಿಲ್ಲಾಂದ್ರೂ ಏಳು ಸಾವಿರ ಬಿಟ್ಟಿದೀನಿ. ಒಂದು ಒಡೆದದ್ದೂ ಕಂಡಿಲ್ಲ. ಈ ಗೆರೆ ನಿಂತುಹೋಗುತ್ತೆ, ಒಡೀತು ಅಂತ ಬರೀತೀನಿ. ಹೇಗಿತ್ತಂತೆ?”

ಫೈಲು ಹೊರಗಿನವರಿಗೆ ತೋರಿಸುವಂತಿಲ್ಲ. ತೋರಿಸಬಾರದು ಎಂದಿದೆಯೇ ಹೊರತು ಓದಿ ಹೇಳಬಾರದು ಎಂದಿಲ್ಲ. ಸಾರ್ಜೆಂಟ್ ಕನ್ನಡಕ ಸರಿಮಾಡಿಕೊಂಡು ಒಂಬತ್ತನೇ ಪುಟ ತೆಗೆದು ಓದಿದ: ಮೊದಲು ಕೆಂಪು, ಆಮೇಲೆ ಬಿಳಿ, ಕೊನೆಗೆ ಹೂವು ಉದುರಿದ ಹಾಗೆ.

“ಇನ್ನೊಂದು ಸಲ ಓದಿ,” ಎಂದಳು ಆಕೆ. ಅವನು ಓದಿದ.

ಆಮೇಲೆ ಆಕೆ ಹೊಸ ಹಾಳೆ ತೆಗೆದುಕೊಂಡು ಹನ್ನೊಂದು ಸಾಲು ಬರೆದು ಸಹಿ ಹಾಕಿದಳು. ತಾರೀಕಿನ ಪಕ್ಕದಲ್ಲಿ ಗೋಡೆಯ ಗಡಿಯಾರ ನೋಡಿ ‘ಸಂಜೆ ೫-೧೪’ ಎಂದೂ ಬರೆದಳು. ನಾಲ್ಕು ಪ್ರತಿ ತಾನೇ ಮಾಡಿ, ಒಂದನ್ನು ತನ್ನ ಮೇಲಧಿಕಾರಿಯ ಮೇಜಿನ ಮೇಲಿಟ್ಟು, ಒಂದನ್ನು ಸಾರ್ಜೆಂಟಿಗೆ ಕೊಟ್ಟಳು.

ನಾನೂರ ಹದಿಮೂರನೇ ಫೈಲಿನಲ್ಲಿ ಮೊದಲ ಚೌಕಕ್ಕೆ ಗುರುತು ಬಿತ್ತು. ವಿಂಗ್ ಕಮಾಂಡರ್ ಓದಿ, “ಬಲೂನು ತಾನೇ? ಇದಕ್ಕೆ ನಲವತ್ತಮೂರು ದಿನ,” ಎಂದು ಸಹಿ ಹಾಕಿದರು. ಡಿಪೊಗೆ ಹೋದ ಒಂದು ಪುಟದ ಕಾಗದದಲ್ಲಿ ‘ಸಾಕ್ಷಿ ಹೇಳಿದ ಹೊತ್ತು, ಎತ್ತರ, ಬಣ್ಣ ಎಲ್ಲವೂ ಸರಿಯಾಗಿವೆ’ ಎಂಬ ಸಾಲನ್ನು ಸಾರ್ಜೆಂಟ್ ತಾನಾಗಿಯೇ ಸೇರಿಸಿದ್ದ. ಡಾಕ್ಟರು ಮಂಡಳಿಯ ಮುಂದೆ ಆ ಸಾಲನ್ನೇ ಓದಿದರಂತೆ. ಡ್ರೈವರ್ ಫೋನು ಮಾಡಿ ತಿಳಿಸಿದ. ಹಿಂದಿನಿಂದ ಅವನ ಹೆಂಡತಿಯ ಮಾತು ಕೇಳುತ್ತಿತ್ತು: “ಬಲೂನು ನೋಡಿ ಬಸ್ಸು ನಿಲ್ಸಿದ್ರಂತೆ! ಇದಕ್ಕಿಂತ ಬೇರೆ ಲೋಕದವರೇ ವಾಸಿಯಾಗಿತ್ತು.”

ಹವಾಮಾನ ಕಚೇರಿಯ ಹೆಂಗಸಿಗೆ ವಿವರಣೆ ಕೇಳಿ ನೋಟೀಸು ಬಂದಿದೆ. ಹದಿನೈದು ದಿನದೊಳಗೆ ಉತ್ತರಿಸಬೇಕು. ರಿಜಿಸ್ಟರಿನಲ್ಲಿ ಈಗ ೪-೩೬, ೪-೪೧, ೪-೩೩ ಎಂದಿದೆ. ನೆಲೆಯ ಗೇಟಿನಲ್ಲಿ ಮಾತ್ರ ಎಲ್ಲರೂ ಎಂಟಕ್ಕೇ ಬರುತ್ತಿದ್ದಾರೆ.

ಸೋಮವಾರದಿಂದ ಐದೂ ಐವತ್ತರ ಬಸ್ಸಿಗೆ ಮತ್ತೆ ಅದೇ ಡ್ರೈವರ್. ಕಂಡಕ್ಟರ್ ಬೇರೆ.