ಎಂಜಲು ಹತ್ತಿದ ಚೀಟಿ

ಗೆಳತಿಯರೇ, ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆದು ಸ್ಟಾಫ್ ರೂಮಿನ ಗೋಡೆಗೆ ಅಂಟಿಸುತ್ತಿದ್ದೇನೆ, ಓದಿ.

ಲಕ್ವ ಹೊಡೆದು ಮಲಗಿರುವ ನಮ್ಮ ಮಾವನವರಿಗೆ ಎರಡು ಸೀಸೆ ಔಷಧಿ. ಒಂದು ಕುಡಿಯಲು. ಇನ್ನೊಂದು ಕಾಲಿಗೆ ತಿಕ್ಕಲು, ಅದು ಹೊಟ್ಟೆಗೆ ಹೋದರೆ ವಿಷ. ಇವತ್ತು ಬೆಳಿಗ್ಗೆ ನೋಡಿದರೆ ಎರಡರ ಮೇಲೂ ಚೀಟಿಯಿಲ್ಲ. ಅತ್ತೆ ಒಂದನ್ನು ಲೋಟಕ್ಕೆ ಬಗ್ಗಿಸಿಕೊಂಡು ಮಾವನವರ ತಲೆ ಎತ್ತಿ ಹಿಡಿದಿದ್ದಾರೆ!

ಲೋಟ ಕಿತ್ತುಕೊಂಡೆ. "ಕುಡಿಸಿಬಿಟ್ರಾ ಅತ್ತೆ?"

"ಇನ್ನೂ ಇಲ್ಲ ಕಣೆ. ಯಾಕೆ ಹಿಂಗೆ ಮೇಲೆ ಬೀಳ್ತೀಯ?"

"ಚೀಟಿ ಎಲ್ಲಿ?"

"ತೊಳೆದೆ. ಆ ಕಾಂಪೌಂಡರು ನಾಲಿಗೇಲಿ ನೆಕ್ಕಿ ಅಂಟಿಸ್ತಾನೆ. ಎಂಜಲು ಸೀಸೇನ ಮಡೀಲಿ ಹೆಂಗೆ ಮುಟ್ಟಲಿ?"

ಎರಡಕ್ಕೂ ಒಂದೇ ಬಣ್ಣ. ಮೂಸಿದರೆ ಎರಡಕ್ಕೂ ಆಸ್ಪತ್ರೆಯದೇ ವಾಸನೆ. ಸೀಸೆಗಳ ಜೊತೆ ಲೋಟವನ್ನೂ ಹಿಡಿದುಕೊಂಡು ದೊಡ್ಡಬಳ್ಳಾಪುರದ ಪೇಟೆ ಬೀದಿಯಲ್ಲಿ ಆಸ್ಪತ್ರೆಗೆ ಓಡಿದೆ.

ಕಾಂಪೌಂಡರು ಲೋಟದಲ್ಲಿ ಬೆರಳದ್ದಿ, ಉಜ್ಜಿ ನೋಡಿದರು. "ಇದು ತಿಕ್ಕೋದು ಕಣಮ್ಮ. ಯಾರೂ ಕುಡಿದಿಲ್ಲ ತಾನೆ?"

"ಇಲ್ಲ ಸಾರ್, ಅಷ್ಟರಲ್ಲಿ ಕಿತ್ತುಕೊಂಡೆ." ಅವರು ಹೊಸ ಚೀಟಿ ಬರೆದರು. ಬರೆದು ನಾಲಿಗೆ ಚಾಚಿದರು.

"ಬೇಡಿ ಸಾರ್, ನೀರು ಹಚ್ಚಿ!" ಎಂದು ಕಿರುಚಿಬಿಟ್ಟೆ. ಪಾಪ, ಮನುಷ್ಯ ಬೆಚ್ಚಿಬಿದ್ದರು.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಅತ್ತೆಯ ಮುಖ ಬಿಳಿಚಿಕೊಂಡಿತು. ಸೀಸೆಯನ್ನು ದೂರದಿಂದಲೇ ನೋಡಿ ಕೇಳಿದರು:

"ಅಂಟಿಸಿದ್ದು ನಲ್ಲಿ ನೀರಲ್ಲೋ, ಬಾವಿ ನೀರಲ್ಲೋ?"

ಸೀಸೆಗಳೀಗ ನನ್ನ ಟ್ರಂಕಿನಲ್ಲಿವೆ. ಬೀಗದ ಕೈ ಸೆರಗಿನ ಗಂಟಿನಲ್ಲಿದೆ. ಒಂದೇ ಪೀರಿಯಡ್ಡಿನಲ್ಲಿ ನಾಲ್ಕು ಸಲ ಮುಟ್ಟಿ ನೋಡಿಕೊಂಡೆ.