ಹಿಡಿದುಕೊಳ್ಳುವವರು

ನನ್ನ ಹೆಂಡತಿಯ ಅಣ್ಣನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹೊಂಗನೂರಿನ ಅವರ ಹಿಪ್ಪುನೇರಳೆ ತೋಟದ ಮೇಲಲ್ಲ, ಐವತ್ತಾದರೂ ನೆರೆಯದ ಕೂದಲಿನ ಮೇಲೂ ಅಷ್ಟಾಗಿ ಅಲ್ಲ. ಪುಟ್ಟರಾಜು ಭಾವ ಜಗಳಕ್ಕೆ ಎದ್ದರೆಂದರೆ ಅವರನ್ನು ಹಿಡಿದುಕೊಳ್ಳಲು ನಾಲ್ಕು ಜನ ಓಡಿಬರುತ್ತಾರೆ. ನನ್ನ ಸಂಕಟವೆಲ್ಲ ಆ ನಾಲ್ಕು ಜನರದು.

ನಮ್ಮ ಕಡೆ ಜಗಳಕ್ಕೂ ಒಂದು ರಿವಾಜಿದೆ. ಗಂಡಸಾದವನು ಹೆಗಲ ಟವೆಲ್ಲನ್ನು ನೆಲಕ್ಕೆ ಒಗೆದು, ಪಂಚೆ ಎತ್ತಿಕಟ್ಟಿ, "ಬುಡ್ರಲಾ ನನ್ನ" ಎನ್ನಬೇಕು. ಹಾಗೆನ್ನಬೇಕಾದರೆ ಯಾರಾದರೂ ಮೊದಲೇ ಹಿಡಿದಿರಬೇಕು. ಹಿಡಿತ ಬಿಗಿಯಾದಷ್ಟೂ ಮರ್ಯಾದೆ ಹೆಚ್ಚು. ಏಟು ಬೀಳದೆಯೇ ಗಂಡಸುತನ ಉಳಿಯುವ ಇಂಥ ಏರ್ಪಾಟು ಮಾಡಿದ ಹಿರೀಕರು ದಡ್ಡರಲ್ಲ. ಕಳ್ಳರಿಂದ ದನ ಬಿಡಿಸಲು ಹೋಗಿ ಸತ್ತವನಿಗೆ ಊರೂರಲ್ಲೂ ವೀರಗಲ್ಲಿದೆ. "ಹೋಗಬ್ಯಾಡ ಕಣ್ಲಾ" ಎಂದು ರಟ್ಟೆ ಹಿಡಿದವನಿಗೆ ಕಲ್ಲು ನೆಟ್ಟ ಊರನ್ನು ನಾನಂತೂ ಕಾಣೆ. ಅವನು ಗಟ್ಟಿಯಾಗಿ ಹಿಡಿದಿದ್ದರೆ ಕಲ್ಲೇ ಬೇಕಾಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಹೈಸ್ಕೂಲು ಮೇಷ್ಟ್ರಾದ ನನ್ನನ್ನು ಮಾತ್ರ ಯಾರೂ ಯಾವತ್ತೂ ಹಿಡಿದಿರಲಿಲ್ಲ. ಭಾವನ ಮಗಳ ಬೀಗರೂಟದಲ್ಲಿ ಗಂಡಿನ ಕಡೆಯವನೊಬ್ಬ, ಎದುರು ಪಂಕ್ತಿಯ ಹೆಂಗಸರಿಗೂ ಕೇಳುವಂತೆ, "ನಿಮ್ ಮೇಷ್ಟ್ರು ಬುಡ್ರಪ್ಪ, ಹೆಂಗಸ್ರಿಗಿಂತ ಸಾಧು" ಎಂದ. ನನ್ನ ಹೆಂಡತಿ ತಲೆಯೆತ್ತಿ ನನ್ನನ್ನೇ ನೋಡಿದಳು. ಸುಮ್ಮನಿದ್ದರೆ ಇನ್ನು ಅವಳ ಕಣ್ಣಿಗೆ ನಾನು ಗಂಡಸಾಗಿ ಉಳಿಯುವುದಿಲ್ಲ ಎನಿಸಿತು. ಅರ್ಧ ಊಟದಲ್ಲೇ ಎದ್ದು ಪಂಚೆ ಎತ್ತಿಕಟ್ಟಿದೆ. ಒಂದು ಗಳಿಗೆ ಕಾದೆ.

ಯಾರೂ ಬರಲಿಲ್ಲ. ಭಾವ ಮೂಳೆ ಕಡಿಯುತ್ತಲೇ ಇದ್ದರು. ಸಾರು ಬಡಿಸುತ್ತಿದ್ದವನು, "ಕೈ ತೊಳ್ಯೋ ನೀರು ಆ ಕಡೆ ಐತೆ ಮೇಷ್ಟ್ರೇ" ಎಂದು ದಾರಿ ಬಿಟ್ಟ. ಹೋಗಿ ಕೈ ತೊಳೆದೆ.

ಚನ್ನಪಟ್ಟಣದ ಬಸ್ಸಿನಲ್ಲಿ ಹೆಂಡತಿಯ ಮೇಲೆ ರೇಗಿದೆ. "ನೀನಾದ್ರೂ ಒಸಿ ಹಿಡ್ಕೋಬಾರದಿತ್ತಾ?"

"ನಿಮ್ಮುನ್ನ ಬುಟ್ರೆ ಏನಾಯ್ತದೆ?" ಎಂದು ನಕ್ಕಳು. ಆಮೇಲೆ ಕಿಟಕಿಯ ಕಡೆ ತಿರುಗಿ ಹೇಳಿದಳು: "ನೀವು ಎದ್ದಾಗ ನಮ್ಮತ್ತಿಗೆ ನನ್ನೇ ನೋಡ್ತಿದ್ರು. ಗಂಡ ಎದ್ರೂ ನಿಂಗೆ ಭಯಾನೇ ಆಗಲ್ವಲ್ಲ, ನಿನ್ ಕಂಡ್ರೆ ಹೊಟ್ಟೆ ಉರೀತದೆ ಕಣವ್ವ ಅಂದ್ರು. ನಮ್ಮಣ್ಣನ್ನ ಊರೋರೆಲ್ಲ ಹಿಡ್ಕೊತಾರಂತೆ, ಮನೆ ಬಾಗ್ಲು ಹಾಕುದ್ ಮ್ಯಾಲೆ ಹಿಡ್ಕೊಳೋರು ಯಾರು ಅಂದ್ರು."



ಈಚೆಗೆ ಹೊಂಗನೂರಿಗೆ ಹೋದರೆ ಸಂಜೆಯ ಬಸ್ಸು ಬಿಟ್ಟು ಅಲ್ಲೇ ಉಳಿಯುತ್ತೇನೆ. ಒಳಗೆ ಭಾವನ ದನಿ ಏರಿತೆಂದರೆ ಎದ್ದುಹೋಗಿ ಅವರ ರಟ್ಟೆ ಹಿಡಿಯುತ್ತೇನೆ. ನನ್ನ ಕೈಗೆ ಅಂಥ ಕಸುವೇನೂ ಇಲ್ಲ. "ಬುಡಿ ಮೇಷ್ಟ್ರೇ" ಎನ್ನುತ್ತಾರೆ. ನಾನು ಬಿಡುವುದಿಲ್ಲ.