ಎಡಗಡೆಯ ಸ್ಟಿಯರಿಂಗ್

ಕಾರಿನ ಮಾದರಿ ಮಾಡಲು ಹೊರಟವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಂಟು ಹಚ್ಚುವ ಮುಂಚೆ ಆ ಕಾರು ಓಡಿಸಿದವನನ್ನು ಕೇಳಿ. ನಾನು ಕೇಳಲಿಲ್ಲ. ಅದಕ್ಕೇ ಎರಡು ತಿಂಗಳ ಕೆಲಸವನ್ನು ಬಿಚ್ಚಿ ಮತ್ತೆ ಕೂಡಿಸಬೇಕಾಯಿತು. ಬೆರಳು ನೋಯುತ್ತವೆ, ಕಣ್ಣು ಸೋಲುತ್ತವೆ.

ಹೊಸಪೇಟೆಯಲ್ಲಿ ಹಳೆಯ ಗಾಡಿ ಕೊಂಡು ಮಾರಿ ಬದುಕಿದವನು ನಾನು. ಗ್ಯಾರೇಜಿನ ನೆಲ ಒರೆಸುತ್ತ ಕಲಿತ ವ್ಯಾಪಾರ. ಮೂರು ಅಮೆರಿಕನ್ ಕಾರುಗಳು ನನ್ನ ಕೈದಾಟಿ ಹೋಗಿವೆ. ವ್ಯಾಪಾರ ಬಿಟ್ಟ ಮೇಲೆ ಅವನ್ನೇ ಸಣ್ಣದಾಗಿ ಮಾಡತೊಡಗಿದೆ, ಅಡಿಗೆ ಅರ್ಧ ಇಂಚಿನ ಲೆಕ್ಕದಲ್ಲಿ. ಮೈಗೆ ತೇಗದ ತುಂಡು, ಬಂಪರಿಗೆ ಎಣ್ಣೆ ಡಬ್ಬಿಯ ತಗಡು, ಟೈರಿಗೆ ಸೈಕಲ್ ಟ್ಯೂಬು. ಗಾಜಿಗೆ ನೀರಿನ ಬಾಟಲಿ ಕತ್ತರಿಸಿಕೊಳ್ಳಿ. ಅಂಗಡಿಯ ಪ್ಲಾಸ್ಟಿಕ್ ಹಾಳೆ ದುಬಾರಿ, ಹೇಳಿದಂತೆ ಬಾಗುವುದೂ ಇಲ್ಲ. ಮೊದಲಿನ ಎರಡನ್ನು ಹೊತ್ತು ಕಳೆಯಲೆಂದು ಮಾಡಿದೆ. ಮೂರನೆಯದು ಹಸಿರು ಬಣ್ಣದ್ದು, ಹಿಂದೆ ಮೀನಿನ ರೆಕ್ಕೆಯ ಹಾಗೆ ಎದ್ದುನಿಂತದ್ದು. ಅದನ್ನು ಒಬ್ಬನಿಗಾಗಿ ಮಾಡಿದೆ.

ಅವನು ಕಂಪ್ಲಿಯವನು, ನನ್ನ ವ್ಯಾಪಾರದ ಪಾಲುದಾರ. ಗಿರಾಕಿ ಹುಡುಕುವುದು ನಾನು, ಓಡಿಸುವುದು ಅವನು. ಆ ಕಾರು ಮಾರಿದಂದಿನಿಂದ ಅವನು ನಮ್ಮ ಮನೆಯ ಹೊಸಿಲು ತುಳಿದಿಲ್ಲ. ಇಬ್ಬರಿಗೂ ವಯಸ್ಸಾಯಿತು. ಇದನ್ನು ಕೈಗಿಟ್ಟರೆ ಮತ್ತೆ ಬಂದಾನು ಎಂಬ ಒಂದೇ ಆಸೆ.

ಆ ಕಾರಿನ ಸ್ಟಿಯರಿಂಗ್ ಅಮೆರಿಕದ ರೀತಿಯಲ್ಲಿ ಎಡಗಡೆ ಇತ್ತು. ನಮ್ಮ ರಸ್ತೆಯಲ್ಲಿ ಎಡಕ್ಕೆ ಕೂತು ಓಡಿಸುವವನಿಗೆ ಮುಂದಿನ ಲಾರಿಯ ಬೆನ್ನು ಬಿಟ್ಟರೆ ಏನೂ ಕಾಣದು. ಸಂಡೂರಿಗೆ ಮದುವೆ ಬಾಡಿಗೆ ಹೋಗುವಾಗ ದಾರಿಯುದ್ದಕ್ಕೂ ಅದಿರಿನ ಲಾರಿಗಳು. ಬಲಗಡೆ ಕೂತ ನಾನು ಕಿಟಕಿಯಿಂದ ತಲೆ ಹೊರಹಾಕಿ ಕೂಗಬೇಕು: “ತಡಿ... ತಡಿ... ಹೊಡಿ!” ಹೊಡಿ ಅಂದರೆ ಅವನು ಲಾರಿಯನ್ನು ದಾಟಿ ಹೊಡೆದುಬಿಡುತ್ತಿದ್ದ. ಒಮ್ಮೆಯೂ “ಖರೇನಾ?” ಎಂದು ಕೇಳಲಿಲ್ಲ. ಕೆಂಪು ಧೂಳಿನಲ್ಲಿ ನನಗೇ ಸರಿಯಾಗಿ ಕಾಣದ ದಿನಗಳಿದ್ದವು. ಅದನ್ನು ಅವನಿಗೆ ಹೇಳಿದವನಲ್ಲ.

ಆಮೇಲೆ ಕಲ್ಯಾಣಮಂಟಪದ ಯಜಮಾನರೊಬ್ಬರು ಕಾರು ಕೇಳಿದರು. ತಮ್ಮ ಡ್ರೈವರಿಗೆ ಸ್ಟಿಯರಿಂಗ್ ಬಲಗಡೆಯೇ ಬೇಕೆಂದರು. ನನ್ನ ಪಾಲುದಾರ ಭತ್ತದ ನಾಟಿಗೆಂದು ಊರಿಗೆ ಹೋಗಿದ್ದ ವಾರದಲ್ಲೇ ಅದನ್ನು ಬಲಕ್ಕೆ ಹಾಕಿಸಿದೆ, ಎಡಗಡೆ ಉಳಿದ ತೂತಿಗೆ ತಗಡು ಬಡಿಸಿದೆ. ಅವನು ತಿರುಗಿ ಬಂದಾಗ ಕಾರು ಹೊರಡಲು ನಿಂತಿತ್ತು. ಬಾಗಿಲು ತೆಗೆದು ಆ ತಗಡು ನೋಡಿದ. ಬಾಗಿಲು ಮುಚ್ಚಿ ಬಸ್ ಸ್ಟ್ಯಾಂಡಿನ ಕಡೆ ನಡೆದ. ಪಾಲಿನಲ್ಲಿ ನಾನು ಮೋಸ ಮಾಡಲಿಲ್ಲ. ಕೇಳದೆ ಮಾಡಿದೆ, ಅಷ್ಟೇ.

ಇಷ್ಟೆಲ್ಲ ಗೊತ್ತಿದ್ದೂ ಮಾದರಿಯಲ್ಲಿ ಸ್ಟಿಯರಿಂಗನ್ನು ಬಲಕ್ಕೇ ಅಂಟಿಸಿದ್ದೆ. ಕೈ ತಾನಾಗಿ ಅತ್ತ ಹೋಗಿತ್ತು. ಮಾರುವ ದಿನ ಗಾಡಿ ಹೇಗಿತ್ತೋ ಅದೇ ವ್ಯಾಪಾರಿಯ ತಲೆಯಲ್ಲಿ ಉಳಿಯುತ್ತದೆ. ಸ್ಟಿಯರಿಂಗಿನ ಚಕ್ರಕ್ಕೆ ಹೆಂಡತಿಯ ಹಳೆಯ ಕಾಲುಂಗುರ ತೆಗೆದುಕೊಂಡಿದ್ದೆ. “ನನ್ನ ಕಾಲಾಗಿಂದೂ ಬಿಡಲಿಲ್ಲೇನ್ರಿ?” ಎಂದಿದ್ದಳು.

ಕಂಪ್ಲಿಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಅವನು ಕಟ್ಟೆಯ ಮೇಲೆ ಕೂತಿದ್ದ.

“ಏನ್ ಮಾರಾಕ ಬಂದೀಯಲೇ?”

“ಮಾರಾಕಲ್ಲ. ನಿನಗ ಕೊಡಾಕ ತಂದೀನಿ.”

ಬಟ್ಟೆ ಬಿಚ್ಚಿದೆ. ಅವನು ಕನ್ನಡಕ ಏರಿಸಿ, ರೆಕ್ಕೆಗಳನ್ನು ಸವರಿ, ಕಿರುಬೆರಳನ್ನು ಎಡಗಡೆಯ ಕಿಟಕಿಯೊಳಗೆ ತೂರಿಸಿದ. ತಡಕಾಡಿದ.

“ಎಲ್ಲೈತಿ ನನ್ನ ಸ್ಟಿಯರಿಂಗು?”

ಆಗ ನನಗೆ ಹೊಳೆಯಿತು.

“ಇದು ನೀ ಮಾರಿದ ಗಾಡಿ, ನಾ ಓಡಿಸಿದ್ದಲ್ಲ,” ಎಂದ. “ನೀ ಹೊಡಿ ಅಂದ್ರ ಕಣ್ಣುಮುಚ್ಚಿ ಹೊಡೀತಿದ್ನೆಲ್ಲ, ನನ್ನ ಒಂದ್ ಮಾತು ಕೇಳಿದ್ಯೇನು?”

“ಇಲ್ಲ. ಕೇಳಬೇಕಿತ್ತು. ನಂದು ತಪ್ಪಾತು.”

ಅವನು ಮಾದರಿಗೆ ಮತ್ತೆ ಬಟ್ಟೆ ಸುತ್ತಿ ನನ್ನ ಕೈಗಿಟ್ಟ.

“ಚಾ ಕುಡದು ಹೋಗು. ಇದನ್ನ ವಾಪಸ್ ಒಯ್ಯಿ.”

ಸ್ಟಿಯರಿಂಗ್ ಎಡಕ್ಕೆ ಹಾಕಿ ಕೊಡುತ್ತೇನೆಂದು ಹೇಳಿ ಒಯ್ದೆ. ಬಿಚ್ಚುವಾಗ ಡ್ಯಾಶ್‌ಬೋರ್ಡು ಸೀಳಿಹೋಯಿತು, ಬೇರೆ ಕೆತ್ತಲು ಕೈ ಬರಲಿಲ್ಲ. ಅದನ್ನೇ ಕೂಡಿಸಿ ಎಡಕ್ಕೆ ಹೊಸ ತೂತು ಕೊರೆದೆ. ಬಲಗಡೆಯ ತೂತನ್ನು ಪುಟ್ಟಿ ಹಾಕಿ ಮುಚ್ಚಲು ಹೋದವನು ಬಿಟ್ಟೆ. ಒಮ್ಮೆ ಮುಚ್ಚಿದ್ದು ಸಾಕು.

ನಿನ್ನೆ ಅವನ ಫೋನು ಬಂತು.

“ಆತೇನಲೇ?”

“ಇನ್ನಾ ಬಣ್ಣ ಒಣಗಬೇಕು.”

“ಬಸ್ಸಿನಾಗ ತರಬ್ಯಾಡ, ರಸ್ತೆ ಭಾಳ ಕೆಟ್ಟೈತಿ, ಮುರೀತೈತಿ. ನಾನಾ ಬರ್ತೀನಿ. ಒಣಗಿದ ಮ್ಯಾಲ ಹೇಳು.”

ನಮ್ಮ ಮನೆಯ ಮೊದಲ ಮೆಟ್ಟಿಲು ಎತ್ತರ, ಅವನಿಗೆ ಮೊಣಕಾಲು ನೋವು. ಕೆಳಗೊಂದು ಚಪ್ಪಡಿ ಕಲ್ಲು ಹಾಕಬೇಕು. ಎತ್ತಲು ಇವತ್ತು ಕೈಯಲ್ಲಿ ಬಲವಿಲ್ಲ. ಬಣ್ಣ ಒಣಗುವುದರೊಳಗೆ ಹಾಕಿದರಾಯಿತು.